ಹನ್ನೊಂದನೆಯ ಕಾರ್ಡಿನ ಹೆಬ್ಬೆಟ್ಟು

ವಿಧಿವಿಜ್ಞಾನದ ಸ್ನಾತಕೋತ್ತರ ತರಗತಿಗೆ ಸೇರಿದಾಗ ನನಗೆ ಅರವತ್ತೊಂದು ತುಂಬಿತ್ತು. ಅದಕ್ಕೆ ಮೊದಲು ಯಾರ ಸಹಾಯವೂ ಇಲ್ಲದೆ ಏನೇನು ಓದಿಕೊಂಡೆ, ಐವತ್ತು ದಾಟಿದ ಮೇಲೆ ಪದವಿ ಪರೀಕ್ಷೆಗೆ ಹೇಗೆ ಕುಳಿತೆ ಎಂಬುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಬರೆಯಬೇಕಾದದ್ದು, ಕೊನೆಯ ವರ್ಷದ ಪ್ರಬಂಧಕ್ಕಾಗಿ ಹೊಳಲ್ಕೆರೆಯಿಂದ ಧರ್ಮಪುರದ ಕಡೆಗೆ ಮೂರು ಬಸ್ಸು ಬದಲಿಸಿ ಓಡಾಡಿದ ಆರು ತಿಂಗಳ ಸಂಗತಿ.

ಆದರೆ ಆ ವಯಸ್ಸಿನಲ್ಲಿ ಓದಲು ಬಂದ ಕಾರಣವನ್ನು ಹೇಳದೆ ಮುಂದುವರಿದರೆ ಉಳಿದದ್ದು ಅರ್ಥವಾಗುವುದಿಲ್ಲ. ನಾನು ಬಹುಕಾಲ ಹೊಳಲ್ಕೆರೆಯಲ್ಲಿ ಪತ್ರ ಬರಹಗಾರನಾಗಿದ್ದೆ. ಜನರ ಕ್ರಯಪತ್ರ, ಪಾಲುಪಟ್ಟಿ, ಒಪ್ಪಂದಗಳನ್ನು ಬರೆಯುವುದು, ಓದಿ ಹೇಳುವುದು, ಸಹಿ ಬಾರದವರ ಎಡಗೈ ಹೆಬ್ಬೆಟ್ಟನ್ನು ಹಿಡಿದು ಒತ್ತಿಸಿ, ಅದರ ಪಕ್ಕದಲ್ಲಿ 'ನನ್ನ ಸಮಕ್ಷಮ' ಎಂದು ಬರೆದು ಸಹಿ ಹಾಕುವುದು ನನ್ನ ಕೆಲಸ. ಒಮ್ಮೆ ರಾಮಗಿರಿಯ ಹತ್ತಿರದ ಹಳ್ಳಿಯೊಂದರಲ್ಲಿ, ಕುರಿ ಸಾಕುವ ಮನೆತನದ ಅಣ್ಣತಮ್ಮಂದಿರ ಪಾಲುಪಟ್ಟಿಯನ್ನು ಅವರ ಮನೆಯ ಜಗಲಿಯ ಮೇಲೆಯೇ ಕುಳಿತು ಬರೆದುಕೊಟ್ಟೆ. ಅವರ ತಂಗಿ ತನ್ನ ಪಾಲು ಬೇಡವೆಂದು ಬಿಟ್ಟುಕೊಟ್ಟಂತೆ ಅದರಲ್ಲಿ ಒಂದು ಕಲಮು ಇತ್ತು. ಕೆಲವು ವರ್ಷಗಳ ಮೇಲೆ ಆ ತಂಗಿ ನ್ಯಾಯಾಲಯಕ್ಕೆ ಹೋಗಿ, ಆ ಗುರುತು ತನ್ನದಲ್ಲ, ಅಂದು ತಾನು ಊರಲ್ಲೇ ಇರಲಿಲ್ಲ ಎಂದಳು. ಬೆರಳಚ್ಚು ತಜ್ಞರೊಬ್ಬರು ಪರೀಕ್ಷಿಸಿ, ಗುರುತು ಈಕೆಯದಲ್ಲವೆಂದು ವರದಿ ಕೊಟ್ಟರು. ನಾನು ಕಟಕಟೆಯಲ್ಲಿ ನಿಂತು, "ನನ್ನ ಕೈಯಿಂದಲೇ ಹಿಡಿದು ಒತ್ತಿಸಿದ್ದು ಸ್ವಾಮಿ" ಎಂದೆ. ಎದುರು ವಕೀಲರು ಹೆಚ್ಚೇನೂ ಕೇಳಲಿಲ್ಲ. ತಜ್ಞರ ವರದಿಯನ್ನು ಒಮ್ಮೆ ಎತ್ತಿ ತೋರಿಸಿ, ನನ್ನನ್ನು ನೋಡಿ ನಕ್ಕು ಕುಳಿತುಕೊಂಡರು. ಪಾಲುಪಟ್ಟಿ ಬಿದ್ದುಹೋಯಿತು. ಆಮೇಲೆ ಯಾರೂ ನನ್ನ ಮುಖದ ಮೇಲೆ ಸುಳ್ಳುಗಾರ ಎನ್ನಲಿಲ್ಲ. ಪತ್ರ ಬರೆಸಲು ಪಕ್ಕದ ಮೇಜಿಗೆ ಹೋದರು, ಅಷ್ಟೆ.

ನಾನು ಸುಳ್ಳು ಹೇಳಿರಲಿಲ್ಲ. ಹಾಗಾದರೆ ತಜ್ಞರ ಮಾತೇ ತಪ್ಪಿರಬೇಕು. ಆಕೆ ವರ್ಷವಿಡೀ ಉಣ್ಣೆ ನೂಲುವ, ಶೇಂಗಾ ಬಿಡಿಸುವ, ಕಲ್ಲು ಮಣ್ಣು ಹೊರುವ ಹೆಂಗಸು. ಸವೆದ ಹೆಬ್ಬೆಟ್ಟು ಮರಳಿ ಬೆಳೆಯುವಾಗ ಬೇರೆ ರೂಪ ತಾಳಿರಬಹುದೆಂಬ ಸಂಶಯ ನನ್ನೊಳಗೆ ಬೇರೂರಿತು. ಅದನ್ನು ಸಾಧಿಸಿ ತೋರಿಸಬೇಕೆಂಬ ಒಂದೇ ಹಟದಿಂದ ನಾನು ಚಿತ್ರದುರ್ಗದ ವಿಧಿವಿಜ್ಞಾನ ವಿಭಾಗದ ಬೆಂಚಿನ ಮೇಲೆ, ಮೊಮ್ಮಕ್ಕಳ ವಯಸ್ಸಿನವರ ನಡುವೆ ಬಂದು ಕುಳಿತಿದ್ದೆ.

ನನ್ನ ಪ್ರಬಂಧದ ಮಾರ್ಗದರ್ಶಕಿ ನನಗಿಂತ ಸುಮಾರು ಮೂವತ್ತು ವರ್ಷ ಚಿಕ್ಕವರು. ನಾನು ಅವರನ್ನು ಮೇಡಂ ಎನ್ನುತ್ತಿದ್ದೆ, ಅವರು ನನ್ನನ್ನು ಸರ್ ಎನ್ನುತ್ತಿದ್ದರು. ಹೊಸಬರು ಬಾಗಿಲಲ್ಲಿ ನಿಂತರೆ ಯಾರು ಯಾರಿಗೆ ಪಾಠ ಹೇಳುತ್ತಿದ್ದಾರೆಂದು ತಿಳಿಯುತ್ತಿರಲಿಲ್ಲ. ವಿಷಯವನ್ನು ಹೇಳಿದಾಗ ಅವರು ಪೆನ್ನನ್ನು ಮೇಜಿನ ಮೇಲಿಟ್ಟರು.

"ಸರ್, ಗೆರೆ ಸವೆಯುತ್ತೆ, ಮತ್ತೆ ಬರುತ್ತೆ. ಅದೇ ಜಾಗದಲ್ಲಿ, ಅದೇ ರೀತಿಯಲ್ಲಿ. ಇಷ್ಟು ಕಾಲದಿಂದ ಎಲ್ಲರೂ ನೋಡಿದ್ದಾರೆ."

"ಎಲ್ಲರೂ ಅಂದ್ರೆ ಯಾರು ಮೇಡಂ? ಶೇಂಗಾ ಬಿಡಿಸೋ ಹೆಂಗಸರ ಕೈ ನೋಡಿದ್ದಾರಾ?"

ಅವರು ನಕ್ಕರು. "ನೋಡಿರಲಿಕ್ಕಿಲ್ಲ. ಹಾಗಾದ್ರೆ ನೀವೇ ನೋಡಿ. ಆದರೆ ಒಂದು ಮಾತು. ಪ್ರತಿ ಸಲ ಗುರುತು ತೆಗೆಯುವಾಗಲೂ ಹೆಸರು ಕೇಳಿ, ಫೋಟೊ ಇರೋ ಚೀಟಿ ನೋಡಿ, ಮುಖ ತಾಳೆ ಮಾಡಿ. ಮೂರೂ."

ಆಗಲಿ ಎಂದೆ.

ಧರ್ಮಪುರದಿಂದ ಆಂಧ್ರದ ಗಡಿಯ ಕಡೆಗೆ ಸ್ವಲ್ಪ ಒಳಗಿರುವ ಹಳ್ಳಿಯೊಂದನ್ನು ಆರಿಸಿಕೊಂಡೆ. ಅಲ್ಲಿನ ನ್ಯಾಯಬೆಲೆ ಅಂಗಡಿಯವನು, ಊರವರ ಮಾತಿನಲ್ಲಿ ಸೊಸೈಟಿಯವನು, ದೂರದ ಪರಿಚಯದವನು. ಬಿತ್ತನೆಗೆ ಮೊದಲು, ಶೇಂಗಾ ಬಿಡಿಸುವ ದಿನಗಳಲ್ಲಿ, ತನ್ನ ಬೆರಳಚ್ಚು ಯಂತ್ರ ಹೆಂಗಸರ ಬೆರಳನ್ನು ಹಿಡಿಯುವುದೇ ಇಲ್ಲ ಎಂದು ಅವನೇ ಒಮ್ಮೆ ಹೇಳಿದ್ದ. ಬಿತ್ತನೆ ಬೀಜವನ್ನು ಆ ಕಡೆ ಕಾಯಿ ಒಡೆಯುವ ಯಂತ್ರಕ್ಕೆ ಹಾಕುವುದಿಲ್ಲ. ಹಾಕಿದರೆ ಕಾಳಿನ ಕೆಂಪು ಸಿಪ್ಪೆ ಸುಲಿಯುತ್ತದೆ, ಸುಲಿದ ಕಾಳು ಮೊಳೆಯುವುದಿಲ್ಲ. ಆದ್ದರಿಂದ ಮೂಟೆಗಟ್ಟಲೆ ಕಾಯಿಯನ್ನು ಹೆಂಗಸರು ಕೈಯಲ್ಲೇ, ಹೆಬ್ಬೆರಳು ತೋರುಬೆರಳುಗಳ ನಡುವೆ ಅದರ ಮೂತಿಯನ್ನು ಹಿಸುಕಿ ಒಡೆಯುತ್ತಾರೆ.

ಕ್ರಮ ಹೀಗಿತ್ತು. ಬಿಡಿಸುವ ಕೆಲಸ ಶುರುವಾಗುವ ಮೊದಲು ಒಂದು ಸುತ್ತು, ನಡುವೆ ಒಂದು, ಮುಗಿದ ದಿನಗಳಲ್ಲಿ ಒಂದು. ಆಮೇಲೆ ಮೂರು ವಾರ ಕಳೆದು ಒಂದು, ಆರು ವಾರ ಕಳೆದು ಒಂದು. ಒಟ್ಟು ಐದು ಸುತ್ತು. ಪ್ರತಿಯೊಬ್ಬರ ಎಡಗೈ ಹೆಬ್ಬೆರಳನ್ನು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಬೇಕು, ಆರಲು ಬಿಡಬೇಕು. ಗಾಜಿನ ಹಲಗೆಯ ಮೇಲೆ ಶಾಯಿಯ ಹನಿಯನ್ನು ರೋಲರ್‌ನಿಂದ ತೆಳುವಾಗಿ ಎಳೆಯಬೇಕು. ಆಮೇಲೆ ಬೆರಳನ್ನು ಉಗುರಿನ ಈ ಅಂಚಿನಿಂದ ಆ ಅಂಚಿಗೆ ಒಂದೇ ಉರುಳಿನಲ್ಲಿ ಶಾಯಿಯ ಮೇಲೆ, ಹಾಗೆಯೇ ಕಾಗದದ ಮೇಲೆ ಉರುಳಿಸಬೇಕು. ಒತ್ತಡ ಹೆಚ್ಚಾದರೆ ಗೆರೆಗಳು ಹರಡುತ್ತವೆ, ಕಡಿಮೆಯಾದರೆ ಬೀಳುವುದಿಲ್ಲ. ಒಬ್ಬೊಬ್ಬರಿಗೆ ಮೂರು ಬಾರಿ. ಈ ಕೆಲಸದಲ್ಲಿ ನನಗೆ ಯಾರೂ ಕಲಿಸಬೇಕಾದದ್ದು ಇರಲಿಲ್ಲ. ಹೆಬ್ಬೆಟ್ಟು ಹಿಡಿಯುವುದು ನನ್ನ ಕೈಗೆ ಉಸಿರಾಟದಷ್ಟೇ ರೂಢಿಯಾಗಿತ್ತು.

ಮೊದಲ ಸುತ್ತಿನ ದಿನ ಸಮುದಾಯ ಭವನದ ಪಡಸಾಲೆಯಲ್ಲಿ ಮೂವತ್ತೊಂದು ಹೆಂಗಸರು ಸೇರಿದರು. ಕಾಲೇಜು ಅನುಮೋದಿಸಿದ ಒಪ್ಪಿಗೆ ಪತ್ರವನ್ನು ಓದಿ ಹೇಳಿದೆ; ನಾನೇ ಬರೆದ ಆ ಗ್ರಾಂಥಿಕ ಕನ್ನಡ ಅವರಿಗೆ ಅರ್ಥವಾಗಲಿಲ್ಲವೆಂದು ಕಂಡು ಎರಡನೆಯ ಬಾರಿ ಬಾಯಿಮಾತಿನಲ್ಲಿ ಹೇಳಿದೆ. ಫೋಟೊ ಇರುವ ಚೀಟಿ ಕೇಳಿದಾಗ ತೊಡಕಾಯಿತು. ಒಬ್ಬಳದು ಪೆಟ್ಟಿಗೆಯಲ್ಲಿ, ಪೆಟ್ಟಿಗೆಯ ಬೀಗದ ಕೈ ಗಂಡನ ಉಡಿದಾರದಲ್ಲಿ, ಗಂಡ ಕುರಿ ಹಿಂದೆ. ಇನ್ನೊಬ್ಬಳದು ಹಿರಿಯೂರಿನಲ್ಲಿರುವ ಮಗನ ಹತ್ತಿರ. ಚೀಟಿಗಳು ಬರುವಷ್ಟರಲ್ಲಿ ಎರಡು ಗಂಟೆ ಕಳೆಯಿತು. ಪ್ರತಿ ಸುತ್ತಿನಲ್ಲೂ ಇದೇ ಆದರೆ ಮಧ್ಯಾಹ್ನದ ಬಸ್ಸು ತಪ್ಪಿ ಹೊಳಲ್ಕೆರೆ ಮುಟ್ಟುವುದೇ ಇಲ್ಲವೆಂದು ಯೋಚಿಸಿ, ನಾನು ಒಂದು ಸುಲಭೋಪಾಯ ಮಾಡಿದೆ. ದಪ್ಪ ರಟ್ಟಿನ ಮೇಲೆ ಸಂಖ್ಯೆ ಬರೆದು, ಹೆಸರು ಸೇರಿಸಿ, ಒಬ್ಬೊಬ್ಬರಿಗೆ ಒಂದೊಂದು ಕಾರ್ಡು ಕೊಟ್ಟೆ. ಮುಂದಿನ ಸಲ ಇದನ್ನು ತಂದರೆ ಸಾಕು ಎಂದೆ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ.

ಹನ್ನೊಂದನೆಯ ಕಾರ್ಡು ಎಪ್ಪತ್ತರ ಆಸುಪಾಸಿನ ಒಬ್ಬ ಅಜ್ಜಿಯದು. ಊರಿನ ಕುರಿಗಾಹಿ ಮನೆಗಳಲ್ಲೊಂದರ ಯಜಮಾನಿ. ಆಕೆಯ ಹೆಬ್ಬೆರಳನ್ನು ನಾನು ಒರೆಸುತ್ತಿರುವಾಗ ಆಕೆ ನನ್ನನ್ನೇ ಪರೀಕ್ಷಿಸುತ್ತಿದ್ದಳು.

"ಏನಪ್ಪ, ಈ ವಯಸ್ಸಿಗೆ ಕಾಲೇಜಿಗೆ ಹೋಗ್ತೀಯಂತೆ?"

"ಹೌದಕ್ಕ."

"ಪಾಸಾದ್ರೆ ಏನ್ ಕೊಡ್ತಾರೆ?"

"ಒಂದು ಕಾಗದ ಕೊಡ್ತಾರೆ."

"ಅಷ್ಟೇಯಾ! ನಮ್ ಕುರಿಗೆ ಸೂಜಿ ಹಾಕಿದ್ರೂ ಒಂದು ಕಾಗದ ಕೊಡ್ತಾರೆ, ಕಿವಿಗೆ ಹಳದಿ ಓಲೆ ಬೇರೆ ಹಾಕ್ತಾರೆ. ನಿನಗೆ ಓಲೆ ಇಲ್ವೇನು?"

ಪಡಸಾಲೆಯ ತುಂಬ ನಗು. ಜೊತೆಗೆಂದು ಬಂದು ಪಕ್ಕದಲ್ಲಿ ಕುಳಿತಿದ್ದ ಆಕೆಯ ಸೊಸೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, "ಸುಮ್ನಿರತ್ತೆ, ದೊಡ್ಡವ್ರು" ಎಂದಳು. ಸೊಸೆ ಎಂದರೆ ಪರಕೀಯಳಲ್ಲ, ಅಜ್ಜಿಯ ಸ್ವಂತ ತಮ್ಮನ ಮಗಳು. ಆ ಕಡೆ ಅದು ಸಾಮಾನ್ಯ. ಆ ದಿನ ಅದನ್ನು ಯಾರೋ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ಬಿದ್ದು ಅಲ್ಲೇ ಉಳಿದಿತ್ತು.

ಎರಡನೆಯ ಮತ್ತು ಮೂರನೆಯ ಸುತ್ತಿನ ಹೊತ್ತಿಗೆ ಬೇಸಿಗೆ ಏರಿತ್ತು. ಗಾಜಿನ ಮೇಲೆ ಎಳೆದ ಶಾಯಿ ಎರಡು ಬೆರಳು ಮುಗಿಯುವಷ್ಟರಲ್ಲಿ ಅಂಟಾಗುತ್ತಿತ್ತು. ಶೇಂಗಾದ ಎಣ್ಣೆಯ ಪಸೆ ಸ್ಪಿರಿಟ್ಟಿಗೂ ಜಗ್ಗದೆ ಕೆಲವು ಗುರುತುಗಳು ಬರೀ ಮಚ್ಚೆಯಾಗಿ ಬಿದ್ದವು. ಆದರೆ ನಾನು ನಿರೀಕ್ಷಿಸಿದ್ದು ಕಣ್ಣೆದುರಿಗೇ ಇತ್ತು. ಮೊದಲ ಸುತ್ತಿನಲ್ಲಿ ತುಂಬು ಗೆರೆಗಳಿದ್ದ ಹೆಬ್ಬೆಟ್ಟುಗಳ ನಡುಭಾಗ ಈಗ ಬೆಳ್ಳಗೆ, ನೀರು ಬತ್ತಿದ ಕೆರೆಯಂಗಳದಂತೆ ಕಾಣುತ್ತಿತ್ತು. ಅಂಚಿನಲ್ಲಿ ಮಾತ್ರ ಒಂದಿಷ್ಟು ಗೆರೆ. ಹನ್ನೊಂದನೆಯ ಅಜ್ಜಿಯದರಲ್ಲಿ ಅದೂ ಇರಲಿಲ್ಲ.

ನಾಲ್ಕನೆಯ ಸುತ್ತು ನನ್ನನ್ನು ದಣಿಸಿತು. ಮಳೆ ಬಿದ್ದು ಬಿತ್ತನೆ ಮುಗಿದು ಹೆಂಗಸರು ಕಳೆಗೆ ಇಳಿದಿದ್ದರು. ಹೊಲದಿಂದ ಹೊಲಕ್ಕೆ ಗಾಜಿನ ಹಲಗೆ ಹೊತ್ತು ಅಲೆದೆ. ಏಳು ಜನ, ಸಾಕಪ್ಪ ಬಿಡು, ಎಂದು ಕೈ ತೊಳೆದುಕೊಂಡರು. ಉಳಿದವರು ಇಪ್ಪತ್ತನಾಲ್ಕು. ಒಮ್ಮೆ ಧರ್ಮಪುರದಲ್ಲಿ ಕೊನೆಯ ಬಸ್ಸಿನ ಮೆಟ್ಟಿಲ ಮೇಲೆ ನಿಂತು ಹಿರಿಯೂರಿನವರೆಗೆ ಬಂದು, ಮೊಣಕಾಲು ಮಡಿಸಲಾಗದೆ ನಿಲ್ದಾಣದ ಕಟ್ಟೆಯ ಮೇಲೆ ಬಹಳ ಹೊತ್ತು ಕುಳಿತಿದ್ದೆ. ಇಷ್ಟಾಗಿ ಯಾರಿಗೆ ಬೇಕು ಇದು ಎಂಬ ಯೋಚನೆ ಅಂದು ಮೊದಲ ಬಾರಿಗೆ ಬಂತು. ಕಟಕಟೆಯಲ್ಲಿ ವಕೀಲರು ನಕ್ಕದ್ದನ್ನು ನೆನೆದು ಎದ್ದೆ.

ಐದನೆಯ ಸುತ್ತಿಗೆ ಹೋದಾಗ ನನ್ನ ಬಳಿ ಇದ್ದುದು ಎರಡು ಗಂಟೆಯ ಸಮಯ. ಹೆಂಗಸರನ್ನು ಸಾಲಾಗಿ ಕೂರಿಸಿ, ಕಾರ್ಡಿನ ಸಂಖ್ಯೆ ಕೂಗುತ್ತ ಹೋದೆ. ಕೂಗಿದಂತೆ ಕಾರ್ಡು ಬರುತ್ತಿತ್ತು, ಕಾರ್ಡಿನ ಹಿಂದೆ ಕೈ ಬರುತ್ತಿತ್ತು. ನಾನು ಒರೆಸಿದೆ, ಉರುಳಿಸಿದೆ, ಸಂಖ್ಯೆ ಬರೆದೆ, ಮುಂದಿನ ಸಂಖ್ಯೆ ಕೂಗಿದೆ. ಬಸ್ಸು ಸಿಕ್ಕಿತು.

ಪ್ರಯೋಗಾಲಯದಲ್ಲಿ ಆ ಗುರುತುಗಳನ್ನು ಮೊದಲ ಸುತ್ತಿನವುಗಳ ಪಕ್ಕದಲ್ಲಿಟ್ಟು ಮಸೂರದ ಕೆಳಗೆ ಒಂದೊಂದಾಗಿ ಹೋಲಿಸಲು ಎಂಟು ದಿನ ಹಿಡಿಯಿತು. ಗೆರೆಗಳು ಮರಳಿ ಬಂದಿದ್ದವು. ಒಂದು ಗೆರೆ ಕವಲೊಡೆಯುವ ಜಾಗ, ಥಟ್ಟನೆ ನಿಲ್ಲುವ ಜಾಗ, ಎರಡು ಗೆರೆಗಳ ನಡುವೆ ಎಳ್ಳಿನ ಕಾಳಿನಂತೆ ಬಿದ್ದ ತುಣುಕು, ಎಲ್ಲವೂ ಮೊದಲಿನ ಜಾಗಕ್ಕೇ ಬಂದು ಕುಳಿತಿದ್ದವು. ಒಂದೊಂದು ಹೊಂದಿಕೆಯೂ ನನಗೆ ಸೋಲಾಗಿ ಕಾಣುತ್ತಿತ್ತು. ಹತ್ತು ಸಂಖ್ಯೆ ಹೀಗೆ ಹೋದವು. ಹನ್ನೊಂದನೆಯದು ಹೊಂದಲಿಲ್ಲ.

ಎರಡರಲ್ಲೂ ನಡುವಿನ ಗೆರೆಗಳು ಬಾಗಿ ಮರಳುವ ಕುಣಿಕೆಯ ಆಕಾರ ಒಂದೇ, ಬಾಗಿದ ದಿಕ್ಕು ಒಂದೇ, ದೂರದಿಂದ ನೋಡಿದರೆ ಅಕ್ಕತಂಗಿಯರಂತೆ ಇದ್ದವು. ಆದರೆ ಮೊದಲ ಸುತ್ತಿನಲ್ಲಿ ಕುಣಿಕೆಯ ತುದಿಯ ಕೆಳಗೆ ಸ್ಪಷ್ಟವಾಗಿದ್ದ ಕವಲು ಐದನೆಯ ಸುತ್ತಿನಲ್ಲಿ ಇರಲಿಲ್ಲ. ಅದರ ಜಾಗದಲ್ಲಿ ಎರಡು ಗೆರೆಗಳು ಎದುರುಬದುರಾಗಿ ನಿಂತುಹೋಗಿದ್ದವು. ಮುಂದೆ ಇನ್ನೂ ಎರಡು ಸಂಖ್ಯೆಗಳು ಹೀಗೆಯೇ ಹೊರಬಿದ್ದವು. ನಡುವಿನ ಸುತ್ತುಗಳಲ್ಲಿ ಗೆರೆಯೇ ಅಳಿಸಿದ್ದರಿಂದ ಬದಲಾವಣೆ ಯಾವಾಗ ಆಯಿತೆಂದು ಹೇಳುವಂತಿರಲಿಲ್ಲ. ನನ್ನ ಟಿಪ್ಪಣಿ ಪುಸ್ತಕದಲ್ಲಿ ಆ ಸಂಜೆ ಹೀಗೆ ಬರೆದೆ: 'ಮರಳಿ ಬಂದಿದೆ, ಅದೇ ಆಗಿ ಬಂದಿಲ್ಲ.' ಇಷ್ಟು ವರ್ಷಗಳ ಮೇಲೆ ನಾನು ಸುಳ್ಳುಗಾರನಲ್ಲವೆಂದು ಮೂರು ಹೆಬ್ಬೆಟ್ಟುಗಳು ಹೇಳುತ್ತಿದ್ದವು.

ಮಾರ್ಗದರ್ಶಕಿ ಬಹಳ ಹೊತ್ತು ಮಸೂರದ ಮೇಲಿಂದ ತಲೆ ಎತ್ತಲಿಲ್ಲ.

"ಇದು ಬೇರೆಯವರ ಬೆರಳಲ್ಲ ತಾನೆ ಸರ್?"

"ನನ್ನ ಕೈಯಿಂದಲೇ ತೆಗೆದಿದ್ದು ಮೇಡಂ."

"ಅದು ಸರಿ. ಯಾರದು ತೆಗೆದಿರಿ ಅಂತ ಕೇಳಿದೆ."

"ಕಾರ್ಡು ಇದೆಯಲ್ಲ, ಹನ್ನೊಂದು."

ಅವರು ಕುರ್ಚಿಗೆ ಒರಗಿದರು. "ನಿಜ ಆಗಿದ್ರೆ ಇದು ದೊಡ್ಡ ವಿಷಯ. ಮುಂದಿನ ತಿಂಗಳ ವಿಚಾರ ಸಂಕಿರಣಕ್ಕೆ ನಿಮ್ಮ ಹೆಸರಲ್ಲೇ ಸಾರಾಂಶ ಕಳಿಸೋಣ. ಆದರೆ ಆ ಮೂವರ ಹತ್ತೂ ಬೆರಳು ಮತ್ತೆ ತೆಗೀರಿ. ಚೀಟಿ ನೋಡಿ ತೆಗೀರಿ. ಅದಿಲ್ಲದೆ ನಾನು ಸಹಿ ಹಾಕಲ್ಲ."

ಪ್ರಬಂಧ ಒಪ್ಪಿಸಲು ಹದಿನೆಂಟು ದಿನ ಉಳಿದಿತ್ತು. ಈ ಹುಡುಗಿಗೂ ಪುಸ್ತಕ ಹೇಳಿದ್ದೇ ವೇದವಾಯಿತಲ್ಲ ಎಂದು ಒಳಗೊಳಗೇ ಬೇಸರಿಸಿಕೊಂಡು ಹೊರಟೆ.

ಹೇಳಿ ಕಳಿಸದೆ ಹೋಗಿದ್ದರಿಂದ ಸಾಲು ಇರಲಿಲ್ಲ. ಅಜ್ಜಿ ಮನೆಯ ಮುಂದಿನ ಚಪ್ಪರದ ಕೆಳಗೆ ಹುರುಳಿ ಕೇರುತ್ತಿದ್ದಳು. ಒಳಗೆ ಸೊಸೆಯ ಬಳೆ ಸದ್ದು.

"ಬಾರಪ್ಪ. ಇನ್ನೂ ಪಾಸಾಗಿಲ್ವಾ?"

"ಇಲ್ಲಕ್ಕ. ನಿಮ್ಮ ಬೆರಳು ಇನ್ನೊಂದು ಸಲ ಬೇಕು."

"ಹಂಗಂದ್ರೆ ನಾನೇ ಫೇಲ್ ಮಾಡಿಸ್ದೆ ಅನ್ನು. ತಗೋ."

ಹತ್ತೂ ಬೆರಳು ತೆಗೆದೆ. ಎಡಗೈ ಹೆಬ್ಬೆಟ್ಟು ಆರುವ ಮೊದಲೇ, ತಾಳ್ಮೆ ಸಾಲದೆ, ಮಸೂರ ತೆಗೆದು ಅಲ್ಲೇ ನೋಡಿದೆ. ಕುಣಿಕೆಯ ತುದಿಯ ಕೆಳಗೆ ಕವಲು ಇತ್ತು. ಮೊದಲ ಸುತ್ತಿನಲ್ಲಿ ಎಲ್ಲಿತ್ತೋ ಅಲ್ಲೇ. ಚೀಲದಿಂದ ಐದನೆಯ ಸುತ್ತಿನ ಹಾಳೆ ತೆಗೆದು ಪಕ್ಕದಲ್ಲಿಟ್ಟೆ. ಗೆರೆ ಎರಡು ವಾರದ ಹಿಂದೆ ಬೇರೆ ರೂಪ ತಾಳಿ ಈಗ ಮತ್ತೆ ಹಳೆಯ ರೂಪಕ್ಕೆ ಬಂದಿತೆಂದು ನನ್ನಂಥ ಮೊಂಡನೂ ನಂಬಲಾರ.

"ಅಕ್ಕ, ಹೋದ ಸಲ ನಾನು ಬಂದಾಗ ಬೆರಳು ಕೊಟ್ಟಿದ್ದು ನೀವೇ ತಾನೆ?"

"ಹೋದ್ಸಲಾನಾ? ನಾನೆಲ್ಲಿದ್ನಪ್ಪ. ತಮ್ಮನ ಮನೆಗೆ ಹೋಗಿದ್ದೆ. ಬಸ್ಸು ಪುಕ್ಸಟ್ಟೆ ಐತಲ್ಲ ಈಗ, ಹೋದೋಳು ಎಂಟು ದಿನ ಇದ್ದು ಬಂದೆ. ನಮ್ ಸೊಸೆ ಕೊಟ್ಲಲ್ಲ." ಒಳಗೆ ತಿರುಗಿ ಕೂಗಿದಳು. "ಲೇ, ಕೊಟ್ಯೋ ಇಲ್ವೋ?"

ಸೊಸೆ ಬಾಗಿಲಿಗೆ ಬಂದಳು. "ಕೊಟ್ಟೆ ಕಣತ್ತೆ. ಕಾರ್ಡು ತಗಂಡೋಗಿ ಕೊಟ್ಟೆ."

"ಕಾರ್ಡು ಅತ್ತೆಯದಲ್ವೇನಮ್ಮ?" ಎಂದೆ.

"ಮನೇದು ಒಂದೇ ಅಲ್ವಾ? ಸೊಸೈಟೀಲಿ ಅತ್ತೆ ಹೋದ್ರೆ ಅತ್ತೆ ಕೊಡ್ತಾರೆ, ನಾನು ಹೋದ್ರೆ ನಾನು ಕೊಡ್ತೀನಿ. ಯಾರ್ ಕೊಟ್ರೂ ಅಕ್ಕಿ ಕೊಡ್ತಾರೆ. ನೀವೂ ಕಾರ್ಡೇ ಅಲ್ವಾ ಕೇಳಿದ್ದು?"

ನಾನು ಮಸೂರವನ್ನು ಚೀಲಕ್ಕೆ ಹಾಕಿದ್ದನ್ನು ಕಂಡು ಅಜ್ಜಿ ಮೊರ ಕೆಳಗಿಟ್ಟಳು. "ಯಾಕಪ್ಪ, ತಪ್ಪಾಯ್ತಾ? ಮೂರು ಬಸ್ಸು ಹತ್ತಿ ಬರ್ತೀಯ, ಬರೀ ಕೈಲಿ ವಾಪಸ್ ಹೋದ್ರೆ ಪಾಪ ಅಂತ ಕೊಟ್ಟವಳೆ. ನನ್ ಸೊಸೆ ಕೈಯೇನು ಕಮ್ಮಿ ಅಲ್ಲ, ನನಗಿಂತ ಜಾಸ್ತಿ ಕಾಯಿ ಬಿಡಿಸ್ತಾಳೆ."

"ನನ್ನ ಮುಂದೆ ಕೂತು ಕೊಟ್ಟೆಯಾ ತಾಯಿ?" ಎಂದು ಸೊಸೆಯನ್ನು ಕೇಳಿದೆ.

"ಹೂಂ. ನಿಮ್ಮ ಎದುರಿಗೇ. ನೀವೇ ನನ್ನ ಕೈ ಹಿಡ್ಕಂಡು ಒರೆಸಿದ್ರಿ. ಮಾತಾಡಿಸ್ತೀರೇನೋ ಅಂತ ನೋಡ್ದೆ, ನೀವು ತಲೇನೇ ಎತ್ಲಿಲ್ಲ."

ಉಳಿದ ಇಬ್ಬರ ಮನೆಗೂ ಅಂದೇ ಹೋದೆ. ಒಂದು ಕಡೆ ತಂಗಿ ಕೊಟ್ಟಿದ್ದಳು, ಇನ್ನೊಂದು ಕಡೆ ಮಗಳು. ಯಾರೂ ಮುಚ್ಚಿಡಲಿಲ್ಲ, ಮುಚ್ಚಿಡಬೇಕೆಂದು ಅವರಿಗೆ ಹೊಳೆಯಲೂ ಇಲ್ಲ. ನಾನು ಊರು ಬಿಡುವಾಗ ಅಜ್ಜಿ ಒಂದು ಸೇರು ಹುರುಳಿ ಕಟ್ಟಿಕೊಟ್ಟಳು. ಚೀಲಕ್ಕೆ ಹಾಕಿಕೊಂಡೆ.

ಹಿರಿಯೂರಿನ ನಿಲ್ದಾಣದಲ್ಲಿ ಚಿತ್ರದುರ್ಗದ ಎರಡು ಬಸ್ಸುಗಳನ್ನು ಬೇಕೆಂದೇ ಬಿಟ್ಟೆ. ಎದುರಿಗೆ ಎರಡು ದಾರಿ ಇದ್ದವು. ಇಂದು ತೆಗೆದ ಹಾಳೆಗಳನ್ನು ಹರಿದೆಸೆದು, ಆ ಮೂವರು ಊರಲ್ಲಿರಲಿಲ್ಲವೆಂದು ಹೇಳಿದರೆ, ಮಾರ್ಗದರ್ಶಕಿ ಒಂದು ಎಚ್ಚರಿಕೆಯ ಸಾಲು ಸೇರಿಸಿ ಸಹಿ ಹಾಕಲೂಬಹುದಿತ್ತು. ಸಂಕಿರಣದಲ್ಲಿ ನನ್ನ ಹೆಸರು ಓದುತ್ತಿದ್ದರು. ಆ ತಜ್ಞರು ಇನ್ನೂ ಬದುಕಿದ್ದರೆ ಅವರಿಗೂ ಒಂದು ಪ್ರತಿ ಕಳಿಸುವ ಯೋಜನೆ ನನ್ನ ಮನಸ್ಸಿನಲ್ಲಿತ್ತು. ಈ ದಾರಿ ಕಣ್ಣಿಗೆ ಬಿದ್ದಿತ್ತೆಂಬುದನ್ನು ಮರೆಮಾಚುವುದಿಲ್ಲ. ಆದರೆ ಹಾಳೆಗಳನ್ನು ಹರಿಯಲು ಕೈ ಬಾರದಿದ್ದುದು ಪ್ರಾಮಾಣಿಕತೆಯಿಂದಲ್ಲ. ಆ ಸೊಸೆಯ ಮಾತೊಂದು ತಲೆಯೊಳಗೆ ಕುಳಿತುಬಿಟ್ಟಿತ್ತು: ನೀವು ತಲೇನೇ ಎತ್ಲಿಲ್ಲ.

ಪುಸ್ತಕದ ಮಾತನ್ನು ಸಂಶಯಿಸಿದೆ, ತಜ್ಞರ ಮಾತನ್ನು ಸಂಶಯಿಸಿದೆ, ಮಾರ್ಗದರ್ಶಕಿಯ ಎಚ್ಚರಿಕೆಯನ್ನು ಸಂಶಯಿಸಿದೆ. ಪುಸ್ತಕಕ್ಕೆ ವಿರುದ್ಧವಾಗಿ ಒಂದು ಗುರುತು ಸಿಕ್ಕ ಕೂಡಲೇ ಅದನ್ನು ಮಾತ್ರ ಯಾವ ಪ್ರಶ್ನೆಯೂ ಇಲ್ಲದೆ ನಂಬಿದೆ. ಮೂವತ್ತು ವರ್ಷ ಹೆಬ್ಬೆಟ್ಟು ಹಿಡಿದವನು ನಾನು. ಹಿಡಿಯುವಾಗ ನೋಡುವುದು ಬೆರಳನ್ನು, ಕಾಗದವನ್ನು, ಶಾಯಿಯನ್ನು. ಮುಖ ನೋಡಿದ ನೆನಪು ಒಂದಾದರೂ ಇದೆಯೇ ಎಂದು ಆ ಕಟ್ಟೆಯ ಮೇಲೆ ಕುಳಿತು ಹುಡುಕಿದೆ. ರಾಮಗಿರಿಯ ಆ ಜಗಲಿ ನೆನಪಿಗೆ ಬಂತು. "ತಂಗಿ ಒಳಗವ್ಳೆ, ಬರ್ತಾಳೆ" ಎಂದು ಅಣ್ಣ ಹೇಳಿದ್ದು ನೆನಪಿಗೆ ಬಂತು. ಬಾಗಿಲ ಮರೆಯಿಂದ ಹಸಿರು ಬಳೆಯ ಒಂದು ಕೈ ಹೊರಗೆ ಬಂದಿತ್ತು. ಅದನ್ನು ನನ್ನ ಕೈಯಿಂದಲೇ ಹಿಡಿದು ಒತ್ತಿಸಿದ್ದೆ.

ಮರುದಿನ ಮಾರ್ಗದರ್ಶಕಿಯ ಮೇಜಿನ ಮೇಲೆ ಎಲ್ಲ ಹಾಳೆಗಳನ್ನೂ ಇಟ್ಟೆ. ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

"ಆ ಮೂರನ್ನು ಕೈಬಿಡಿ ಸರ್. ಉಳಿದ ಇಪ್ಪತ್ತೊಂದು ಚೆನ್ನಾಗಿವೆ. ಗೆರೆ ಆರು ವಾರದಲ್ಲಿ ಮರಳಿ ಬರುತ್ತೆ ಅಂತ ತೋರಿಸಿದ್ದೀರಿ. ಸೊಸೈಟಿ ಯಂತ್ರ ಯಾವ ದಿನಗಳಲ್ಲಿ ಬೆರಳು ಹಿಡಿಯಲ್ಲ ಅಂತಲೂ ತೋರಿಸಿದ್ದೀರಿ. ಪಾಸಾಗೋಕೆ ಧಾರಾಳ ಸಾಕು. ಸಾರಾಂಶ ಕಳಿಸೋದು ಬೇಡ ಅಷ್ಟೆ."

"ಕೈಬಿಡಲ್ಲ ಮೇಡಂ. ಅದೇ ಒಂದು ಅಧ್ಯಾಯ ಮಾಡ್ತೀನಿ. ಹೇಗೆ ತಪ್ಪಿದೆ ಅಂತ."

"ನಿಮ್ಮ ತಪ್ಪನ್ನ ನೀವೇ ಟೈಪ್ ಮಾಡಿಸ್ತೀರಾ? ಪರೀಕ್ಷಕರು ಅಂಕ ಕಳೀತಾರೆ."

"ಕಳೀಲಿ."

"ಕೊನೇವರೆಗೂ ಹಟ ಬಿಡಲ್ಲ ನೀವು" ಎಂದು ಅವರು ಹಾಳೆಗಳನ್ನು ನನ್ನ ಕಡೆಗೆ ಸರಿಸಿದರು. "ಕಾರ್ಡು ಕೊಟ್ಟಿದ್ದನ್ನೂ ಬರೀರಿ. ಒಂದು ಕಾರ್ಡಿಗೆ ಮನೆಯವರೆಲ್ಲ ಬೆರಳು ಕೊಡ್ತಾರೆ ಅನ್ನೋದು ನನಗೂ ಹೊಳೆದಿರಲಿಲ್ಲ" ಎಂದರು.

ಹದಿನೇಳು ದಿನಗಳಲ್ಲಿ ಅರ್ಧ ಪ್ರಬಂಧವನ್ನು ಮತ್ತೆ ಬರೆದೆ. ಆ ಅಧ್ಯಾಯದಲ್ಲಿ ಕಾರ್ಡು ಹಂಚಿದ್ದನ್ನು, ಒಂದು ಕಾರ್ಡಿಗೆ ಮನೆಯ ಯಾರ ಬೆರಳಾದರೂ ನಡೆಯುತ್ತದೆಂಬ ಅವರ ದಿನನಿತ್ಯದ ಅನುಭವವನ್ನು, ರಕ್ತಸಂಬಂಧದ ಅತ್ತೆ ಸೊಸೆಯರ ಕುಣಿಕೆಗಳ ಹೋಲಿಕೆಯನ್ನು, ತಲೆ ಎತ್ತದ ನನ್ನ ಅಭ್ಯಾಸವನ್ನು ಕ್ರಮವಾಗಿ ಬರೆದೆ. ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಉಳಿದ ಅಧ್ಯಾಯಗಳನ್ನು ಮಗುಚಿ, ಅದೊಂದರ ಮೇಲೆಯೇ ಪ್ರಶ್ನೆ ಕೇಳಿದರು. ಅಂಕ ಕಳೆದರು. ತೇರ್ಗಡೆಯಾದೆ. ತರಗತಿಯವರು ಸಿಹಿ ಹಂಚುವಾಗ ನನಗೆ ನಿದ್ದೆ ಒತ್ತಿ ಬರುತ್ತಿತ್ತು.

ಒಂದು ಕೆಲಸ ಉಳಿದಿತ್ತು. ಪದವಿಯ ಕಾಗದ ಕೈಗೆ ಬರುವವರೆಗೂ ಅದನ್ನು ಮುಂದೂಡಿದೆ, ಕಾಗದ ಬಂದ ಮೇಲೂ ಕೆಲವು ವಾರ ಮುಂದೂಡಿದೆ. ಕೊನೆಗೆ ಒಂದು ಬೆಳಿಗ್ಗೆ ರಾಮಗಿರಿಯ ಬಸ್ಸು ಹತ್ತಿದೆ. ಗುಡ್ಡವನ್ನು ಬಲಕ್ಕೆ ಬಿಟ್ಟು ಹಳ್ಳಿಯವರೆಗೆ ನಡೆದೆ.

ಅಂದು ನ್ಯಾಯಾಲಯಕ್ಕೆ ಹೋಗಿದ್ದ ತಂಗಿ ಈಗ ತಲೆ ಪೂರ್ತಿ ನರೆತ ಹೆಂಗಸು. ತನ್ನ ಪಾಲಿಗೆ ಬಂದ ಮನೆಯ ಮುಂದೆ ಕುಳಿತು ಉಣ್ಣೆ ನೂಲುತ್ತಿದ್ದಳು. ನನ್ನ ಗುರುತು ಸಿಗಲು ಅವಳಿಗೆ ಸ್ವಲ್ಪವೂ ಹೊತ್ತು ಬೇಕಾಗಲಿಲ್ಲ.

"ಪತ್ರ ಬರಿಯೋ ಯಜಮಾನ್ರು ಅಲ್ವಾ? ಬರ್ರಿ, ಕುಂತ್ಕಳ್ರಿ."

ಕುಳಿತೆ. ನೀರು ಕೊಟ್ಟಳು. ನಾನು ಬಂದ ವಿಷಯವನ್ನು ಒಂದೇ ಉಸಿರಿನಲ್ಲಿ ಹೇಳಿದೆ. ಆ ದಿನ ಹೆಬ್ಬೆಟ್ಟು ಒತ್ತಿದವರ ಮುಖವನ್ನು ನಾನು ನೋಡಿರಲಿಲ್ಲವೆಂದು, ನೋಡಿದ್ದೆನೆಂದೇ ಇಷ್ಟು ವರ್ಷ ನಂಬಿ ಆಕೆಯನ್ನು ಸುಳ್ಳುಗಾತಿ ಎಂದುಕೊಂಡಿದ್ದೆನೆಂದು, ಅದು ತಪ್ಪೆಂದು. ಆಕೆಯ ಕೈಯಲ್ಲಿ ಕದಿರು ತಿರುಗುತ್ತಲೇ ಇತ್ತು.

"ಅವತ್ತು ನಾನು ಹೊಸದುರ್ಗದ ಕಡೆ, ಮಾಡದಕೆರೆ ಹತ್ರ ಕುರಿ ಹಿಂದೆ ಇದ್ದೆ. ಅದ್ನ ನಿಮ್ಮ ಮುಂದೇನೇ ಕೋರ್ಟಿನಾಗೆ ಎಷ್ಟು ಸಲ ಹೇಳ್ದೆ."

"ಹೇಳಿದ್ರಿ."

"ಈಗ ಹೆಂಗ್ ಗೊತ್ತಾತು?"

"ಓದಿದೆ."

"ಎಷ್ಟು ವರ್ಷ?"

"ಇದಕ್ಕೆ ಅಂತಲೇ ಎರಡು ವರ್ಷ."

ಆಕೆ ಕದಿರು ನಿಲ್ಲಿಸಿ ನಕ್ಕಳು. ಹಂಗಿಸುವ ನಗು ಅಲ್ಲ. ವಕೀಲರ ನಗುವನ್ನು ಇಷ್ಟು ವರ್ಷ ಹೊತ್ತಿದ್ದ ನನಗೆ ವ್ಯತ್ಯಾಸ ತಿಳಿಯುತ್ತದೆ. "ಅಯ್ಯೋ ಯಜಮಾನ್ರೇ, ಒಂದು ಮಾತು ನನ್ನನ್ನ ಕೇಳಿದ್ರೆ ಆಗ್ತಿತ್ತಲ್ರೀ. ಅವತ್ತು ಬೆರಳು ಕೊಟ್ಟಿದ್ದು ನಮ್ಮ ಅತ್ತಿಗೆ. ಈಗಿಲ್ಲ ಪಾಪ ಅವಳು. ಅಣ್ಣಂದ್ರು ಕೊಡು ಅಂದ್ರು, ಕೊಟ್ಲು. ಅವಳ್ನ ಏನ್ ಬೈಯ್ಯೋದು."

ಆಮೇಲೆ ಎಡಗೈಯ ಹೆಬ್ಬೆರಳನ್ನು ನನ್ನ ಮುಂದೆ ಚಾಚಿದಳು. "ಈಗ ನೋಡ್ತೀರೇನು? ಇನ್ನೂ ಇಲ್ಲೇ ಐತೆ."

ಮಸೂರ ಜೇಬಿನಲ್ಲಿತ್ತು. ತೆಗೆಯಲಿಲ್ಲ. ಬೆರಳನ್ನು ಬಿಟ್ಟು ಆಕೆಯ ಮುಖ ನೋಡಿದೆ. ಎಡ ಹುಬ್ಬಿನ ಮೇಲೆ ಹಳೆಯ ಗಾಯದ ಕಲೆ, ಹಚ್ಚೆ ಹಾಕಿದ ಗಲ್ಲ, ಬಿಸಿಲಿಗೆ ಕಿರಿದಾಗಿಸಿದ ಕಣ್ಣು. ಈ ಮುಖವನ್ನು ಎಲ್ಲೆಲ್ಲಿ ಕಂಡಿದ್ದೇನೆಂದು ಒಂದೊಂದಾಗಿ ನೆನೆಯುತ್ತ ಹಿಂದೆ ಹೋದೆ. ನ್ಯಾಯಾಲಯದ ಹೊರಗಿನ ಬೆಂಚಿನ ಮೇಲೆ ಕಂಡಿದ್ದೆ. ಕಟಕಟೆಯಿಂದ ಕಂಡಿದ್ದೆ. ಅದಕ್ಕೂ ಹಿಂದೆ ಎಲ್ಲಿಯೂ ಇಲ್ಲ.